ಏನೂ ಇಲ್ರಿ, ಹೌಸ್‌ವೈಫ್

ವಕೀಲರ ಆಫೀಸನ್ಯಾಗ ಕೂತಿದ್ವಿ. ನಾನು, ನಮ್ಮ ಕಾಕಾ, ಕಾಕಾನ ಮಗಾ. ನಮ್ಮ ಕಾಕು ತೀರಿಕೊಂಡು ಅವತ್ತಿಗೆ ಎರಡ ತಿಂಗಳಾಗಿತ್ತು. ಸಂತಿಯಿಂದ ಕಾಯಿಪಲ್ಯಾ ತೊಗೊಂಡು ರಸ್ತೆ ದಾಟೂ ಮುಂದ ಒಂದ ಗೂಡ್ಸ್ ಗಾಡಿ ಬಂದು ಹೊಡದಿತ್ತು. ಅದರ ಸುದ್ದಿ ಇದಕ್ಕಿಂತ ಹೆಚ್ಚಿಗೆ ನಾ ಇಲ್ಲೆ ಬರಿಯೂದಿಲ್ಲ. ಬರದ್ರ ಉಳಿದದ್ದು ಬರಿಲಿಕ್ಕೆ ಆಗೂದಿಲ್ಲ.

ವಕೀಲ್ರು ಕ್ಲೇಮಿನ ಅರ್ಜಿ ತುಂಬ್ಲಿಕತ್ತಿದ್ರು. ಹೆಸರಾತು, ವಯಸ್ಸು 58 ಅಂತ ಬರದದ್ದಾತು. ಆಮ್ಯಾಲೆ "ಉದ್ಯೋಗ?" ಅಂದ್ರು.

ನಮ್ಮ ತಮ್ಮ, ಅಂದ್ರ ಕಾಕಾನ ಮಗಾ, "ಏನೂ ಇಲ್ರಿ, ಮನ್ಯಾಗ ಇರ್ತಿದ್ಲು" ಅಂದಾ.

ವಕೀಲ್ರು ತಲಿ ಎತ್ತಲಾರದ 'ಹೌಸ್‌ವೈಫ್' ಅಂತ ಬರದ್ರು. "ತಿಂಗಳ ಉತ್ಪನ್ನ?" ಅಂದ್ರು. "ಇಲ್ರಿ." ಅಲ್ಲೊಂದು ಅಡ್ಡಗೀಟು ಎಳದ್ರು.

ನಂಗ ಆ ಅಡ್ಡಗೀಟು ನೋಡಿ ಹೊಟ್ಟ್ಯಾಗ ಏನೋ ಆತು. ಆದ್ರ ನಾನೂ ಬಾಯಿ ತಗೀಲಿಲ್ಲ. ತಮ್ಮನ್ನ ಬೈಯೋ ಹಂಗೂ ಇಲ್ಲ ಬಿಡ್ರಿ. ಯಾಕಂದ್ರ ಬ್ಯಾಂಕಿನ್ಯಾಗ, ಮಕ್ಕಳ ಸಾಲ್ಯಾಗ, ಪಾಸ್‌ಪೋರ್ಟಿಗೆ ಹೋದಾಗ, ಎಲ್ಲೆ ಯಾರ ಕೇಳಿದ್ರೂ ನಾನೂ ಹಂಗ ಹೇಳೀನಿ. "ಏನೂ ಇಲ್ರಿ, ಹೌಸ್‌ವೈಫ್." ಆ 'ಏನೂ ಇಲ್ರಿ' ಅನ್ನೋದು ಆ ಶಬ್ದಕ್ಕ ಅಂಟಿಕೊಂಡ ಬರ್ತದ, ಹೆಸರಿನ ಮುಂದ ಶ್ರೀಮತಿ ಬಂದಂಗ. ಅದನ್ನ ಬಿಟ್ಟು ಬರೇ "ಹೌಸ್‌ವೈಫ್" ಅಂದ್ರ ಏನೋ ಜಂಬ ಮಾಡಿದಂಗ ಅನಸ್ತದ.

ಮನಿಗೆ ಬಂದ ಮ್ಯಾಲೂ ಅದು ತಲಿಯಿಂದ ಹೋಗಲೇ ಇಲ್ಲ. ರಾತ್ರಿ ನಮ್ಮನಿಯವರ ದೊಡ್ಡ ಇಂಗ್ಲೀಷ್ ಡಿಕ್ಷನರಿ ಅಟ್ಟದ ಮ್ಯಾಲಿಂದ ಇಳಿಸಿ ಧೂಳ ಝಾಡಿಸಿ ಕೂತೆ. ನಾ ಕಾಲೇಜಿನ್ಯಾಗ ಓದಿದ್ದು ಇಂಗ್ಲೀಷು. ಓದಿ ಏನ್ ಮಾಡಿದಿ ಅಂತ ಕೇಳಬ್ಯಾಡ್ರಿ, ಅದಕ್ಕ ಉತ್ತರ ಈಗಷ್ಟ ಹೇಳಿದೆ.

ಮೊದಲ 'ವೈಫ್' ನೋಡ್ರಿ. ಹಳೇ ಇಂಗ್ಲೀಷಿನ್ಯಾಗ ಅದು 'ವೀಫ್' ಅಂತ ಇತ್ತು. ಆಗ ಅದರ ಅರ್ಥ ಹೆಂಡ್ತಿ ಅಂತಷ್ಟ ಅಲ್ಲ, ಹೆಣ್ಣಮಗಳು ಅಂತ. ಮದಿವಿ ಆಗಿರ್ಲಿ ಬಿಡ್ಲಿ. ಆ ಹಳೇ ಅರ್ಥ ಇನ್ನೂ ಕೆಲವೊಂದು ಶಬ್ದದಾಗ ಉಳದದ. ಬಾಣಂತನ ಮಾಡಸೋ ಸೂಲಗಿತ್ತಿಗೆ ಅವರು 'ಮಿಡ್‌ವೈಫ್' ಅಂತಾರಲ್ಲ, ಅಕಿ ಯಾರ ಹೆಂಡ್ತಿನೂ ಅಲ್ಲ. ಆ 'ಮಿಡ್' ಅಂದ್ರ 'ಜೊತಿಗೆ' ಅಂತ. ಹೆಣ್ಣಮಗಳ ಜೊತಿಗೆ ಇರಾಕಿ ಮಿಡ್‌ವೈಫ್. ಮೀನ ಮಾರಾಕಿ 'ಫಿಶ್‌ವೈಫ್'. 'ವುಮನ್' ಅನ್ನೋ ಶಬ್ದನ ಆ 'ವೀಫ್' ಮುಂದ 'ಮನ್' ಕೂಡಿಸಿ ಆದದ್ದು. ಅಂದಮ್ಯಾಲೆ ಸುಮಾರು 800 ವರ್ಷದ ಹಿಂದ ಹೌಸ್‌ವೈಫ್ ಅನ್ನೋ ಶಬ್ದ ಹುಟ್ಟಿದಾಗ ಅದು 'ಮನ್ಯಾಗ ಕೂತಿರೋ ಹೆಂಡ್ತಿ' ಅಲ್ಲ. 'ಮನಿಯಾಕಿ'. ಮನಿ ನಡಸಾಕಿ. ಉಗ್ರಾಣದ ಕೀಲಿ ಸೊಂಟಕ್ಕ ಇಟಗೊಂಡು ಆಳು ಕಾಳು ಎಲ್ಲಾ ನೋಡಕೊಳ್ಳಾಕಿ.

ಇನ್ನ 'ಹಸ್ಬಂಡ್'. ಇದು ಇಂಗ್ಲೀಷರದ್ದ ಅಲ್ಲ, ಸಮುದ್ರ ದಾಟಿ ಬಂದ ಉತ್ತರದ ಮಂದಿ ತಂದದ್ದು. ಅವರ ಭಾಷಾದಾಗ 'ಹೂಸ್‌ಬೋಂಡಿ'. 'ಹೂಸ್' ಅಂದ್ರ ಮನಿ, 'ಬೋಂಡಿ' ಅಂದ್ರ ಅಲ್ಲೆ ವಾಸ ಮಾಡಾಂವ, ಸ್ವಂತ ಹೊಲಾ ಮನಿ ಇರೋ ಒಕ್ಕಲಿಗ. ಅಂದ್ರ ಹಸ್ಬಂಡ್ ಅಂದ್ರೂ ಮನ್ಯಾಗ ಇರಾಂವ ಅಂತ! ಇದನ್ನ ಓದಿ ನಾ ಒಬ್ಬಾಕಿನ ನಗಲಿಕ್ಕೆ ಹತ್ತಿದೆ. ನಮ್ಮನಿಯವರು ಟಿವಿ ಮುಂದಿಂದ "ಏನಾತ?" ಅಂದ್ರು. "ನೀವೂ ಮನ್ಯಾಗ ಇರಾಂವ್ರ ಅಂತ ನೋಡ್ರಿ" ಅಂದೆ. "ಇವತ್ತ ಐತವಾರ ಅದ" ಅಂದ್ರು. ಅವರಿಗೆ ತಿಳೀಲಿಲ್ಲ.

ಹಂಗ ನೋಡಿದ್ರ ನಮ್ಮ ಕನ್ನಡನೂ ಇದನ್ನ ಮಾಡೇದ. ಗಂಡನ ಹೆಸರ ಹೇಳಬಾರದು ಅಂತ ನಾವು 'ನಮ್ಮನಿಯವರು' ಅಂತೇವಿ. ಗಂಡಸರು ಹೆಂಡ್ತಿಗೆ 'ನಮ್ಮ ಮನ್ಯಾಗ' ಅಂತಾರ. "ನಮ್ಮ ಮನ್ಯಾಗ ಕೇಳಿ ಹೇಳ್ತೇನ್ರಿ." ಗಂಡಾ ಮನಿಗೆ ಸೇರಿದ ಮನಷ್ಯಾ ಆದಾ, ಹೆಂಡ್ತಿ ಮನಿಯೊಳಗಿನ ಒಂದ ಜಾಗಾ ಆದ್ಲು. ವ್ಯಾಕರಣದಾಗನ ಎಲ್ಲಾ ಬರದಿಟ್ಟಾರ.

ಇಬ್ಬರೂ ಒಂದ ಮನಿ ಹೆಸರಿನ ಮ್ಯಾಲೆ ಹುಟ್ಟಿದ ಶಬ್ದ. ಮುಂದ ಎರಡರ ಬಾಳೇನಾತು ನೋಡ್ರಿ. ಹಸ್ಬಂಡ್ ಅನ್ನೋದರಿಂದ 'ಹಸ್ಬಂಡ್ರಿ' ಹುಟ್ಟಿತು. ಒಕ್ಕಲತನ, ಬೇಸಾಯ, ಇದ್ದದ್ರಾಗ ಜತನದಿಂದ ಸಂಸಾರ ತೂಗಸೋದು, ಎಲ್ಲಾ ಮರ್ಯಾದಿ ಅರ್ಥ. ನಮ್ಮ ಪಶುಸಂಗೋಪನಾ ಇಲಾಖೆಯ ಇಂಗ್ಲೀಷ್ ಹೆಸರಿನ್ಯಾಗ ಇವತ್ತೂ ಆ ಹಸ್ಬಂಡ್ ಕೂತಾನ. ಹೌಸ್‌ವೈಫ್ ಶಬ್ದನ ಮಂದಿ ಲಗೂ ಲಗೂ ಅಂದು ಅಂದು 'ಹಸ್ಸಿ' ಮಾಡಿದ್ರು. ಮೊದಲ ಅದಕ್ಕೂ ಮನಿಯೊಡತಿ ಅಂತನ ಅರ್ಥ ಇತ್ತು. 17ನೇ ಶತಮಾನ ಬರೂದ್ರಾಗ ಬಾಯಿಬಡಕಿ, ನಡತಿಗೆಟ್ಟಾಕಿ ಅನ್ನೋ ಬೈಗಳಾತು. ಮನಿ ನಡಸಾಂವ ಇಲಾಖೆ ಆದಾ, ಮನಿ ನಡಸಾಕಿ ಬೈಗಳಾದ್ಲು.

ಅದ ಶಬ್ದಕ್ಕ ಇನ್ನೊಂದ ಅರ್ಥ ಸಿಕ್ತು, ಅದು ನಂಗ ಭಾಳ ಸೇರ್ತು. ಸೂಜಿ, ದಾರ, ಗುಂಡಿ ಇಟಗೊಳ್ಳೋ ಸಣ್ಣ ಅರಿವಿ ಚೀಲಕ್ಕೂ ಹೌಸ್‌ವೈಫ್ ಅಂತಿದ್ರಂತ. ಬ್ರಿಟಿಷ್ ಸಿಪಾಯಿಗಳು ಅಂಗಿ ಗುಂಡಿ ಹರದ್ರ ಹಚಗೊಳ್ಳಿಕ್ಕೆ ಅದನ್ನ ಯುದ್ಧಕ್ಕ ಒಯ್ತಿದ್ರು. ನಮ್ಮ ಕಾಕೂನ ಹೊಲಿಗಿ ಡಬ್ಬಿ ನೆನಪಾತು. ಬಿಸ್ಕೀಟಿನ ಡಬ್ಬಿ ಅದು. ಯಾರರ ಮನಿಗೆ ಹೋದವ್ರು ಬಿಸ್ಕೀಟ ಅಂತ ಆಶಾಕ್ಕ ತಗದ್ರ ಒಳಗ ದಾರದ ಉಂಡಿ.

'ಲೇಡಿ' ಅನ್ನೋ ಶಬ್ದನೂ ಅವತ್ತ ನೋಡಿದೆ, ಬಂದ ಮ್ಯಾಲೆ ಹೇಳೇ ಬಿಡ್ತೇನಿ. ಬಸ್ಸಿನ್ಯಾಗ ಲೇಡೀಸ್ ಸೀಟಿಗೆ ಜಗಳಾ ಆಡ್ತೇವಲ್ಲ, ಆ ಲೇಡಿ. ಹಳೇ ಇಂಗ್ಲೀಷಿನ್ಯಾಗ 'ಹ್ಲಾಫ್' ಅಂದ್ರ ರೊಟ್ಟಿ. ಲಾರ್ಡ್ ಅಂದ್ರ ರೊಟ್ಟಿ ಕಾಯಾಂವ, ಲೇಡಿ ಅಂದ್ರ ರೊಟ್ಟಿ ಹಿಟ್ಟ ನಾದಾಕಿ. ಇದರಾಗ ನಂದೇನೂ ಕೂಡಿಸಿದ್ದಿಲ್ಲ, ಡಿಕ್ಷನರಿದಾಗ ಹಂಗ ಅದ. ಅಂವ ಕಾಯ್ತಾನ, ಅಕಿ ನಾದ್ತಾಳ. ನಮ್ಮ ಕಾಕು ಪರಾತದಾಗ ಬಿಸಿನೀರ ಹಾಕಿ ಜ್ವಾಳದ ಹಿಟ್ಟ ನಾದಿ ದಿನಾ 20 ರೊಟ್ಟಿ ಬಡೀತಿದ್ಲು, 36 ವರ್ಷ. ಹಂಗಾರ ಅಕಿಗಿಂತ ದೊಡ್ಡ ಲೇಡಿ ಯಾರ್ರಿ? ಕಾಕಾ ಮಾತ್ರ ಲಾರ್ಡ್ ಅಲ್ಲ. ಅಂವ ಆ ರೊಟ್ಟಿ ಕಾಯ್ತಿದ್ದಿಲ್ಲ, ಬಿಸಿ ಬಿಸಿ ತಿಂತಿದ್ದಾ.

ಇದನ್ನೆಲ್ಲಾ ನಮ್ಮ ನಾದನಿಗೆ ಫೋನಿನ್ಯಾಗ ಹೇಳಿದೆ. ಅಕಿ ಬೆಂಗಳೂರಾಗ ದೊಡ್ಡ ಕಂಪನಿದಾಗ ಇರ್ತಾಳ. "ವೈನಿ, ಈಗ ಯಾರೂ ಹೌಸ್‌ವೈಫ್ ಅನ್ನೂದಿಲ್ರಿ, ಹೋಂಮೇಕರ್ ಅಂತಾರ. ನೀವೂ ಹಂಗ ಬರೀರಿ" ಅಂದ್ಲು. ಅಕಿ ಹೇಳಿದ್ದು ಖರೇ ಅದ. 2023ರಾಗ ನಮ್ಮ ಸುಪ್ರೀಂ ಕೋರ್ಟು ಹೆಣ್ಣಮಕ್ಕಳ ಬಗ್ಗೆ ಯಾವ ಶಬ್ದ ಬಳಸಬಾರದು, ಅದರ ಬದಲಿ ಯಾವುದು ಬಳಸಬೇಕು ಅಂತ ಒಂದ ಕೈಪಿಡಿ ತಗದದ. ಅದರಾಗ ಹೌಸ್‌ವೈಫ್ ತಗದು ಹೋಂಮೇಕರ್ ಹಾಕಂತ ಅದ.

ತಪ್ಪಿಲ್ಲ. ಹೆಂಡ್ತಿ ಅನ್ನೋ ಮಾತ ಹೋಗಿ ಕೆಲಸದ ಮಾತ ಬಂತು, ಗಂಡಸರೂ ಹೋಂಮೇಕರ್ ಆಗಬಹುದು. ಆದ್ರ ನಂಗ ಅದು ಅಷ್ಟೇನು ರುಚಿಸಲಿಲ್ಲ. ಒಂದ, ಹಳೇ ಶಬ್ದದಾಗ ಏನೂ ದೋಷ ಇದ್ದಿಲ್ಲ, ಅದರ ಅರ್ಥ ಮರತಾಂವ್ರು ನಾವು. ಎರಡನೇದು, ನಮ್ಮ ಓಣ್ಯಾಗ ಈಗಾಗಲೇ "ಏನೂ ಇಲ್ರಿ, ಹೋಂಮೇಕರ್" ಅನ್ನೋದು ಸುರು ಆಗೇದ. ಅಂಟು ಹೊಸಾ ಡಬ್ಬಿಗೂ ಬಂತು. ಶಬ್ದ ಬದಲ ಮಾಡೂದ್ರಿಂದ 'ಏನೂ ಇಲ್ರಿ' ಹೋಗೂದಿಲ್ಲ. ಕನ್ನಡದಾಗ 'ಗೃಹಿಣಿ' ಅನ್ನೋ ಎಷ್ಟ ಛಂದನ ಶಬ್ದ ಇತ್ತಲ್ಲ? 'ಗೃಹಸ್ಥ' ಅಂದ್ರ ಇವತ್ತೂ "ಭಾಳ ದೊಡ್ಡ ಗೃಹಸ್ಥರು ಅವರು" ಅಂತ ಕೈ ಮುಗೀತಾರ. ಗೃಹಿಣಿಗೆ ಯಾರ ಕೈ ಮುಗದಾರ?

ಇಲ್ಲೆ ಎಮ್ಮಿ ಕಥಿ ಹೇಳಬೇಕು.

ಜನಗಣತಿಯವರು ಮನಿಗೆ ಬಂದಾಗ ಮಂದೀನ್ನ ಕೆಲಸ ಮಾಡಾಂವ್ರು, ಕೆಲಸ ಮಾಡಲಾರದವ್ರು ಅಂತ ಎರಡ ಭಾಗಾ ಮಾಡ್ತಾರ. ಮನಿಗೆಲಸ ಮಾಡೋ ಹೆಣ್ಣಮಕ್ಕಳು ಹೋಗೋದು ಎರಡನೇದಕ್ಕ. 2010ರಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಂಗೂಲಿಯವರು ಇದನ್ನ ನೋಡಿ ಭಾಳ ಬ್ಯಾಸರ ಮಾಡಕೊಂಡು ಬರದಿದ್ರು. 2001ರ ಜನಗಣತಿದಾಗ ಮನಿ ಹೆಣ್ಣಮಕ್ಕಳನ್ನ ಭಿಕ್ಷುಕರು, ವೇಶ್ಯೆಯರು, ಕೈದಿಗಳ ಸಾಲಿನ್ಯಾಗ ಕೂಡಿಸ್ಯಾರ, ಇದು ಹೆಣ್ಣಿನ ಬಗ್ಗೆ ಇರೋ ಅಸಡ್ಡಿ ಅಂತ. ಅದು ಭಾಳ ಸಲ ಪೇಪರಿನ್ಯಾಗ ಬಂದದ. ನಂಗ ಅದಕ್ಕಿಂತ ಮಜಾ ಅನಸಿದ್ದು ಇನ್ನೊಂದು. 2011ರ ಜನಗಣತಿ ಲೆಕ್ಕದಾಗ, ಮನಿ ಖರ್ಚಿಗೇ ಆಗಲಿ, ಹಾಲು ಉತ್ಪಾದನಾ ಮಾಡೋರು ಕೆಲಸ ಮಾಡಾಂವ್ರು ಅಂತ ಅದ. ಹಾಲ ಮಾರಬೇಕಂತಿಲ್ಲ, ಮನ್ಯಾಗ ಕುಡದ್ರೂ ನಡೀತದ.

ನಮ್ಮ ಕಾಕುನ ಹಂತ್ಯಾಕ ಒಂದ ಎಮ್ಮಿ ಇತ್ತು. ಮುಂಜಾನೆ ನಾಕೂವರಿಗೆ ಎದ್ದು ಸೆಗಣಿ ಬಳದು, ಮೇವ ಹಾಕಿ, ಹಾಲ ಹಿಂಡತಿದ್ಲು. ಅಷ್ಟರ ತನಕಾ ಸರಕಾರದ ಲೆಕ್ಕದಾಗ ಅಕಿ ಕೆಲಸ ಮಾಡಾಕಿ. ಚರಿಗಿ ತೊಗೊಂಡು ಹೊಸ್ತಲಾ ದಾಟಿ ಒಳಗ ಬಂದ್ಲು, ಅದ ಹಾಲ ಕಾಸಿದ್ಲು, ಹೆಪ್ಪ ಹಾಕಿದ್ಲು, ಮಜ್ಜಗಿ ಕಡದು ಬೆಣ್ಣಿ ತಗದು ತುಪ್ಪಾ ಕಾಸಿದ್ಲು, ಅದು ಮನಿಗೆಲಸ, ಕೆಲಸ ಅಲ್ಲ. ಮೊಣಕಾಲ ನೋವು ಹೆಚ್ಚಾಗಿ ಅಕಿ ಎಮ್ಮಿ ಮಾರಿದ್ಲು. ಎಮ್ಮಿ ಒಯ್ಯೂ ಮುಂದ ಅದರ ಕೊಳ್ಳಿಗೆ ಬಿದ್ದು ಅತ್ತಾಕಿ. ಅದು ಹೋದ ದಿವಸ ತನ್ನ ಉದ್ಯೋಗನೂ ಅದರ ಹಗ್ಗದ ಜೊತಿಗೆ ಹೋತು ಅಂತ ಅಕಿಗೆ ಗೊತ್ತಿದ್ದಿಲ್ಲ.

ಅತ್ತಾಗ ರೇಶನ್ ಕಾರ್ಡಿನ್ಯಾಗ ಅಕಿನ ಮನಿ ಯಜಮಾನಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಮನ್ಯಾಗಿನ ಹಿರೇ ಹೆಣ್ಣಮಗಳನ್ನ ಯಜಮಾನಿ ಅಂತ ಬರೀಬೇಕು. 2023ರಾಗ ಗೃಹಲಕ್ಷ್ಮಿ ಸುರುವಾದಾಗ ತಿಂಗಳಿಗೆ 2000 ರೂಪಾಯಿ ಅಕಿ ಖಾತೆಕ್ಕ ಬರಲಿಕ್ಕೆ ಹತ್ತಿತು. ಮೊದಲ ಕಂತ ಬಂದ ದಿವಸ ಫೋನ್ ಮಾಡಿ "ನಂಗ ಪಗಾರ ಸುರು ಆತವಾ" ಅಂದಿದ್ಲು. ಅದು ಪಗಾರ ಅಲ್ಲ, ಸಹಾಯಧನ ಅಂತ ನಾ ಶಾಣ್ಯಾಕಿ ತಿದ್ದಲಿಕ್ಕೆ ಹೋದೆ. ಸುಮ್ನ ಇದ್ದಿದ್ರ ಏನಾಗ್ತಿತ್ತು ಅಂತ ಈಗ ಅನಸ್ತದ.

ಇದೆಲ್ಲಾ ತಲಿ ಹರಟಿ ಅಂತ ಅನಬ್ಯಾಡ್ರಿ. ಅಪಘಾತದ ಕೇಸಿನ್ಯಾಗ ಇದರ ಮ್ಯಾಲೆನ ರೊಕ್ಕ ನಿಂತಿರ್ತದ. ಸತ್ತವರ ಉತ್ಪನ್ನ ಎಷ್ಟು, ಅದರ ಮ್ಯಾಲೆ ಪರಿಹಾರದ ಗುಣಾಕಾರ. ಉತ್ಪನ್ನದ ಜಾಗಾದಾಗ ಅಡ್ಡಗೀಟ ಇದ್ರ ಗುಣಾಕಾರ ಯಾವುದಕ್ಕ ಮಾಡ್ತಾರ? ಮೋಟಾರು ವಾಹನ ಕಾಯ್ದೆದಾಗ ಮೊದಲ ಒಂದ ಲೆಕ್ಕ ಇತ್ತು, ಗಳಸಲಾರದ ಹೆಂಡ್ತಿ ಬೆಲಿ ಗಂಡನ ಉತ್ಪನ್ನದ ಮೂರನೇ ಒಂದ ಭಾಗ ಅಂತ. ಅಂದ್ರ ಸಿಪಾಯಿ ಹೆಂಡ್ತಿ ಬಡದ ರೊಟ್ಟಿಗೆ ಒಂದ ರೇಟು, ಸಾಹೇಬರ ಹೆಂಡ್ತಿ ಬಡದ ರೊಟ್ಟಿಗೆ ಇನ್ನೊಂದ ರೇಟು. ಸಾಹೇಬರ ಹೆಂಡ್ತಿ ರೊಟ್ಟಿ ಬಡೀತಾಳೋ ಇಲ್ಲೋ ಅದು ಬ್ಯಾರೆ ಮಾತು.

ಕೋರ್ಟಿನವರು ಇದನ್ನ ಸಾವಕಾಶ ತಿದಗೋತ ಬಂದಾರ. 1989ರಾಗ ಜಮಶೇಡಪುರದಾಗ ಒಂದ ಸಮಾರಂಭದಾಗ ಬೆಂಕಿ ಹತ್ತಿ ಭಾಳ ಹೆಣ್ಣಮಕ್ಕಳು ಮಕ್ಕಳು ಸತ್ತಿದ್ರು. ಆ ಕೇಸಿನ್ಯಾಗ 2001ರಾಗ ಸುಪ್ರೀಂ ಕೋರ್ಟು ಮನಿ ಹೆಣ್ಣಮಗಳ ಕೆಲಸಕ್ಕ ತಿಂಗಳಿಗೆ 3000 ರೂಪಾಯಿ ಅಂತ ಹಿಡೀತು. 2010ರ ಕೇಸಿನ್ಯಾಗ ಎರಡೂವರಿ ಲಕ್ಷ ಇದ್ದದ್ದು ಆರು ಲಕ್ಷಕ್ಕ ಏರಸ್ತು. 2021ರ ಜನವರಿದಾಗ ನ್ಯಾಯಮೂರ್ತಿ ರಮಣ ಅವರು ಬರದ ತೀರ್ಪಿನ್ಯಾಗ ಸರಕಾರದ್ದ ಸಮೀಕ್ಷಾ ತಗದು ತೋರಸ್ಯಾರ. 2019ರ ಸಮೀಕ್ಷಾ ಪ್ರಕಾರ ಮನಿಗೆಲಸ ಮಾಡೋ ಹೆಣ್ಣಮಕ್ಕಳು ದಿನಕ್ಕ ಸರಾಸರಿ 299 ನಿಮಿಷ ಮಾಡ್ತಾರ, ಮಾಡೋ ಗಂಡಸರು 97 ನಿಮಿಷ. 'ಮಾಡೋ' ಗಂಡಸರು ಅನ್ನೋದನ್ನ ಸ್ವಲ್ಪ ಲಕ್ಷ್ಯ ಕೊಟ್ಟ ಓದ್ರಿ. ನೂರಕ್ಕ ಸುಮಾರು 26 ಮಂದಿನ ಅವರು. ಮುದುಕರು, ಹುಡುಗರು, ಜಡ್ಡಾದವ್ರನ್ನ ನೋಡಕೊಳ್ಳೋದು ಈ 299ರಾಗ ಬರೂದಿಲ್ಲ, ಅದರದ್ದ ಇನ್ನೂ 134 ನಿಮಿಷ ಬ್ಯಾರೆ.

ಇದನ್ನ ಇಷ್ಟು ಓದಕೊಂಡು ನಾ ಮರುದಿವಸ ಬಸ್ ಹತ್ತಿ ಕಾಕಾನ ಮನಿಗೆ ಹೋದೆ. ತಮ್ಮಗ ಒಂದ ನೋಟಬುಕ್ ಕೊಟ್ಟು "ನಿಮ್ಮವ್ವ ಏನೇನ್ ಮಾಡ್ತಿದ್ಲು ಎಲ್ಲಾ ಬರಿ. ವಕೀಲರಿಗೆ ಕೊಡೂಣು" ಅಂದೆ. ಅಂವ "ಅಕ್ಕಾ, ಅದನ್ನೇನ ಬರಿಯೋದು?" ಅಂದಾ. ಸಿಟ್ಟಿಗೆದ್ದಿದ್ದಾ ಸ್ವಲ್ಪ. ಅಂವಗ ಅನಿಸಿದ್ದು ನಂಗೂ ತಿಳೀತದ. ಅವ್ವ ಹೋಗ್ಯಾಳ, ಅಕಿ ಹಾಕಿದ ಚಹಾಕ್ಕ ರೇಟ್ ಹಚ್ಚಲಿಕ್ಕೆ ಕೂತಾರ ಅಂದ್ರ ಯಾರಿಗರ ಹೊಟ್ಟಿ ಉರೀತದ. ತಾಯಿ ಮಾಡಿದ್ದಕ್ಕ ಬೆಲಿ ಕಟ್ಟಲಿಕ್ಕೆ ಆಗೂದಿಲ್ಲ ಅಂತ ಎಲ್ಲಾರೂ ಅಂತಾರ, ನಾನೂ ಅಂತೇನಿ. ಆದ್ರ ಬೆಲಿ ಕಟ್ಟಲಿಕ್ಕೆ ಆಗೂದಿಲ್ಲ ಅಂತ ಹೇಳಿ ಹೇಳಿನ ಅಲ್ಲೇನು ನಾವು ಅದನ್ನ ಸೊನ್ನಿಗೆ ತಂದ ನಿಲ್ಲಿಸಿದ್ದು? ಅಮೂಲ್ಯ ಅನ್ನೋದು ಅರ್ಜಿಯೊಳಗ ಹೋಗಿ ಅಡ್ಡಗೀಟ ಆಗ್ತದ.

ಅಂವ ಬರಿಲಿಕ್ಕೆ ಕೂತಾ. ಮೊದಲನೇ ಸಾಲಿಗೆ ನಿಂತಾ. ಮುಂಜಾನೆ ಎಷ್ಟಕ್ಕ ಏಳ್ತಿದ್ಲು ಅಂತ ಬರೀಬೇಕು, ಅಂವಗ ಗೊತ್ತಿದ್ದಿಲ್ಲ. 31 ವರ್ಷದ ಹುಡುಗಾ, ಅದ ಮನ್ಯಾಗ ಹುಟ್ಟಿ ಬೆಳದಾಂವ. "ನಾ ಏಳೂದ್ರಾಗ ಅಕಿ ಎದ್ದಿರ್ತಿದ್ಲು ಅಕ್ಕಾ" ಅಂದಾ. ಮಲಗೋದು? "ನಾ ಮಲಗೂ ಮುಂದ ಇನ್ನೂ ಭಾಂಡಿ ಸಪ್ಪಳಾ ಬರ್ತಿತ್ತು." ಅಲ್ಲಿಂದ ಮುಂದ ಪೆನ್ನು ಓಡ್ತು. ಅವ್ವ ಹೋದ ಮ್ಯಾಲೆ ಯಾವ್ಯಾವ ಕೆಲಸಕ್ಕ ಎಷ್ಟೆಷ್ಟ ರೊಕ್ಕ ಹೋಗ್ಲಿಕತ್ತದ ಅನ್ನೋದು ಅಂವಗ ಬಾಯಿಪಾಠ ಇತ್ತು. ಅಡಗಿಯಾಕಿಗೆ ಒಂದ ಹೊತ್ತಿಗೆ 3500, ರಾತ್ರಿಗೆ ಅಂಗಡಿಯಿಂದ ರೊಟ್ಟಿ, ಭಾಂಡಿ ಬಟ್ಟಿಗೆ 2500. ಅಜ್ಜಿಗೆ ಸ್ನಾನ ಮಾಡಸಲಿಕ್ಕೆ, ಅಂದ್ರ ಕಾಕಾನ ತಾಯಿಗೆ, ದಿನಾ ಬಂದು ಹೋಗೋ ಹೆಣ್ಣಮಗಳಿಗೆ 6000. ಅಕಿ ಐತವಾರ ಬರೂದಿಲ್ಲ. ಕಾಕುಗ ಐತವಾರ ಇದ್ದಿದ್ದಿಲ್ಲ. ಕೂಡಿಸಿದ್ರ 12,000 ದಾಟ್ತು, ಉಪ್ಪಿನಕಾಯಿ, ಸಂಡಗಿ, ಶಾವಿಗಿ, ಮಸಾಲಿ ಖಾರ ಇನ್ನೂ ಬರದಿದ್ದಿಲ್ಲ.

ಕಾಕಾ ಬಾಗಲದಾಗ ಕೂತಿದ್ದಾ. ಇಷ್ಟೊತ್ತೂ ಪಿಟ್ಟ್ ಅಂದಿದ್ದಿಲ್ಲ. ಆಮ್ಯಾಲೆ ಅಂಗಿ ಮ್ಯಾಲೆತ್ತಿ ಹೊಟ್ಟಿ ತೋರಿಸಿ, "ನನ್ನ ಇನ್ಸುಲಿನ್ ಬರಿ. ಹನ್ನೊಂದ ವರ್ಷ ಅಕಿನ ಚುಚ್ಚ್ಯಾಳ, ಎರಡ ಹೊತ್ತು. ನಂಗಿನ್ನೂ ಕೈ ನಡಗತದ" ಅಂದಾ. ನೋಟಬುಕ್ಕಿನ್ಯಾಗ ಅದಕ್ಕ ರೇಟ ಹಾಕಲಿಲ್ಲ ತಮ್ಮ. ಹಂಗ ಖಾಲಿ ಬಿಟ್ಟಾ.

ವಕೀಲ್ರು ಆ ನೋಟಬುಕ್ ನೋಡಿ ಸ್ವಲ್ಪ ಹೊತ್ತ ಸುಮ್ನ ಇದ್ರು. ಭಾಳ ಛಲೋ ಮನಷ್ಯಾ ಅವರು, ತಪ್ಪ ತಿಳಕೋಬ್ಯಾಡ್ರಿ. ದಿನಾ ಹತ್ತ ಅರ್ಜಿ ತುಂಬೋರಿಗೆ ಅಡ್ಡಗೀಟ ಎಳಿಯೋದು ಕೈರೂಢಿ ಆಗಿರ್ತದ. "ಉದ್ಯೋಗ ಹೌಸ್‌ವೈಫ್ ಅಂತನ ಇರ್ಲಿ ಬಿಡ್ರಿ, ಕೋರ್ಟಿಗೆ ಅದ ತಿಳೀತದ" ಅಂದ್ರು. ಇರ್ಲಿ ಅಂದೆ. ನಂಗ ಆ ಶಬ್ದದ ಮ್ಯಾಲೆ ಈಗ ಸಿಟ್ಟಿಲ್ಲ. ಅಡ್ಡಗೀಟಿನ ಜಾಗಾದಾಗ 12,000 ಅಂತ ಬರದು, ಹಿಂದ ನೋಟಬುಕ್ಕಿನ ಹಾಳಿ ಜೋಡಿಸಿದ್ರು.

ಅಷ್ಟು ಕೊಡ್ತಾರೋ ಬಿಡ್ತಾರೋ ಗೊತ್ತಿಲ್ಲ. ಇನ್ಶೂರನ್ಸಿನ ಕಡಿ ವಕೀಲ್ರು ಅದೆಲ್ಲಾ ಹೆಚ್ಚಾತು ಅಂತಾರಂತ. ಮುಂದಿನ ತಾರೀಖಿಗೆ ಕಾಕಾನ ಸಾಕ್ಷಿ ಅದ, ಪಾಟೀಸವಾಲು ಮಾಡ್ತಾರ. ನಿನ್ನೆ ರಾತ್ರಿ ಫೋನ್ ಮಾಡಿದ್ದಾ. ಧ್ವನಿ ಸಣ್ಣಗಾಗಿತ್ತು.

"ಅಲ್ಲವಾ, ನಿಮ್ಮ ಹೆಂಡ್ತಿ ಏನ್ ಮಾಡ್ತಿದ್ರು ಅಂತ ಕೇಳಿದ್ರ ನಾ ಏನಂತ ಹೇಳ್ಲಿ?"

"ಕಾಕಾ, ಮುಂಜಾನೆ ನಾಕೂವರಿಯಿಂದ ಸುರು ಮಾಡ್ರಿ" ಅಂದೆ.